ಕುಂಚದ ಕೂದಲು

ಸೀರೆ ಕೊಳ್ಳುವಾಗ ಯಾವ ನೂಲು ಎಂದು ಎರಡು ಸಲ ಕೇಳುವ ನಾವು, ಕುಂಚ ಕೊಳ್ಳುವಾಗ ಯಾವ ಕೂದಲು ಎಂದು ಕೇಳುವುದಿಲ್ಲ. ನಂಬರು ನೋಡುತ್ತೇವೆ, ತುದಿಯನ್ನು ಅಂಗೈಗೆ ಒತ್ತಿ ನೋಡುತ್ತೇವೆ, ದುಡ್ಡು ಕೊಟ್ಟು ಬರುತ್ತೇವೆ.

ನಮ್ಮ ಮಾವನವರು ಎಣ್ಣೆಬಣ್ಣದಲ್ಲಿ ಚಿತ್ರ ಬರೆಯುತ್ತಿದ್ದವರು. ಅವರು ಹೋದ ಮೇಲೆ ತಗಡಿನ ಡಬ್ಬಿಯಲ್ಲಿ ಐದು ಕುಂಚ ಉಳಿದವು. ಕೂದಲು ನಡುವೆ ಕಪ್ಪು, ತುದಿಯಲ್ಲಿ ಕೆನೆಬಣ್ಣ. ಚಿತ್ರಕಲೆ ಕಲಿಯುತ್ತಿರುವ ಮಗಳು ನೋಡಿದವಳೇ, "ಅಮ್ಮಾ, ಇದು ಕೀರಿಯ ಕೂದಲು. ಇದನ್ನು ಈಗ ಮಾರುವ ಹಾಗಿಲ್ಲ" ಎಂದಳು.

ಬಜಪೆಯವರಿಗೆ ಕೀರಿ, ಅಂದರೆ ಮುಂಗುಸಿ, ಹೊಸದಲ್ಲ. 1951ರಲ್ಲಿ ವಿಮಾನ ಇಳಿಯತೊಡಗಿದ ಈ ಊರಿನಲ್ಲಿ ಇಂದಿಗೂ ತೋಟದ ಬದುವಿನಲ್ಲಿ ಅದು ಸರಕ್ಕನೆ ಓಡುವುದುಂಟು. ಬೆಳಿಗ್ಗೆ ಎದುರಾದರೆ ಶುಭ ಎನ್ನುತ್ತಿದ್ದರು ನಮ್ಮತ್ತೆ. ಕೋಳಿ ಸಾಕುವ ಪಕ್ಕದ ಮನೆಯವರಿಗೆ ಮಾತ್ರ ಅದನ್ನು ಕಂಡರಾಗದು; ಅವರ ಸಂಕಟ ಅವರಿಗೆ.

ಆ ಕೂದಲು ಬಿರುಸು. ಬಗ್ಗಿಸಿದರೆ ಮತ್ತೆ ನೆಟ್ಟಗಾಗುತ್ತದೆ. ಮಂದವಾದ ಎಣ್ಣೆಬಣ್ಣವನ್ನು ಹಚ್ಚುವುದಕ್ಕೆ ಅದೇ ಬೇಕು ಎನ್ನುತ್ತಾರೆ. ಕುರಿಯ ಉಣ್ಣೆಯಂತೆ ಕತ್ತರಿಸಿ ಪ್ರಾಣಿಯನ್ನು ಬಿಟ್ಟುಬಿಡುವ ಕೆಲಸವಲ್ಲ ಇದು, ಕೊಂದೇ ತೆಗೆಯುವುದು. ಒಂದು ಕೀರಿಯಿಂದ ಕುಂಚಕ್ಕೆ ಒದಗುವುದು ಸುಮಾರು 20 ಗ್ರಾಂ. 2002ರಿಂದ ಕಾಯಿದೆಯ ರಕ್ಷಣೆ ಬಿಗಿಯಾಗಿದ್ದರೂ, 2019ರಲ್ಲಿ ಹಲವು ರಾಜ್ಯಗಳಲ್ಲಿ ಒಟ್ಟಿಗೆ ದಾಳಿ ನಡೆದಾಗ 100 ಕಿಲೋಗೂ ಹೆಚ್ಚು ಕೂದಲು ಸಿಕ್ಕಿತು. ದಿನಸಿ ಲೆಕ್ಕ ಬಲ್ಲ ಯಾರೂ ಹೇಳಬಹುದು: 5,000 ಜೀವಗಳು.

ಪಂಚತಂತ್ರದ ತಾಯಿ, ಮಗುವನ್ನು ಕಾಪಾಡಿದ ಮುಂಗುಸಿಯನ್ನೇ ಕೊಂದ ಕಥೆ ಹೇಳುವಾಗ ನಮ್ಮ ಗಂಟಲು ಕಟ್ಟುತ್ತದೆ. ಅವಳಿಗಾದರೂ ಗಾಬರಿಯ ನೆವವಿತ್ತು. ಕುಂಚಕ್ಕೆ ಯಾವ ಗಾಬರಿ?

ಮನೆಯಲ್ಲಿರುವ ಹಳೆಯ ಕುಂಚದ ಪ್ರಶ್ನೆ ಅಷ್ಟು ಸುಲಭವಲ್ಲ. ಎಸೆದರೆ ಸತ್ತ ಕೀರಿ ಎದ್ದು ಬರುವುದಿಲ್ಲ. ಬಳಸಿದರೆ ಇನ್ನೊಂದು ಸಾಯುವುದೂ ಇಲ್ಲ. ಇದು ನನ್ನ ವಾದ. ಮಗಳು ಕೇಳಿದಳು: "ಚಿತ್ರ ಚಂದ ಉಂಟು, ಯಾವ ಕುಂಚ ಎಂದು ಗೆಳತಿ ಕೇಳಿದರೆ ಏನು ಹೇಳಲಿ? ಅವಳಿಗೂ ಅದೇ ಬೇಕೆನಿಸುವುದಿಲ್ಲವಾ?" ಚಿನ್ನದ ಬಳೆಯ ಮಾದರಿ ಹೇಗೆ ಮನೆಯಿಂದ ಮನೆಗೆ ಹೋಗುತ್ತದೆಂದು ಬಲ್ಲ ನಾನು ಇದಕ್ಕೆ ಉತ್ತರ ಕೊಡಲಾರದೆ ಹೋದೆ.

ಕಲೆಗಾಗಿ ತಾನೇ, ಇರಲಿ ಬಿಡಿ ಎನ್ನುವವರ ಮಾತು ಮಾತ್ರ ನನಗೆ ಒಗ್ಗದು. ಮೈಸೂರು ಶೈಲಿಯ ಹಳೆಯ ಚಿತ್ರಗಾರರು ಹುಣಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು, ಆ ಇದ್ದಲಿನಿಂದಲೇ ಮೊದಲ ಗೆರೆ ಎಳೆಯುತ್ತಿದ್ದರು. ಅತಿ ನವುರಾದ ಗೆರೆಗೆ ಒಂದು ಜಾತಿಯ ಹುಲ್ಲಿನ ಚೂಪು ಎಸಳು. ಅವರೇನು ಅಹಿಂಸೆಯ ವ್ರತ ಹಿಡಿದವರಲ್ಲ, ಅಳಿಲಿನ ಕೂದಲೂ ಅವರ ಬಳಿ ಇತ್ತು. ಆದರೂ ಹುಲ್ಲೆಸಳಿನ ಗೆರೆಯಲ್ಲಿ ಏನೋ ಕಡಿಮೆಯಾಗಿದೆ ಎಂದು ಆ ಚಿತ್ರಗಳನ್ನು ನೋಡಿದವರು ಯಾರೂ ಹೇಳಿದ್ದು ನಾನು ಕೇಳಿಲ್ಲ. ಈಗಂತೂ ನೈಲಾನ್ ಕುಂಚ ಎಲ್ಲ ಕಡೆ ಸಿಗುತ್ತದೆ. ಮಂದ ಬಣ್ಣಕ್ಕೆ ಅದು ತುಸು ಸೋಲುತ್ತದೆಯಂತೆ. ಒಂದು ಸಲ ಹಚ್ಚುವಲ್ಲಿ ಎರಡು ಸಲ ಹಚ್ಚಬೇಕು.