ಗುಡಾರದೊಳಗಿನ ಪಾತ್ರೆ

ಓದತಕ್ಕ ಭಾಗ: ಆದಿಕಾಂಡ 9: 20–27



ಮದ್ಯಪಾನದ ವಿಷಯವಾಗಿ ನಮ್ಮ ಸಭೆಗಳಲ್ಲಿ ಅನೇಕ ಪ್ರಸಂಗಗಳು ನಡೆದಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಗಡಂಗಿಗೆ ಹೋಗುವವನನ್ನೂ ದಾರಿಯಲ್ಲಿ ತೂರಾಡುವವನನ್ನೂ ಕುರಿತವುಗಳಾಗಿವೆ. ಅಂಥವನು ಎಲ್ಲರ ಕಣ್ಣಿಗೆ ಬೀಳುವದರಿಂದ ಅವನನ್ನು ಗದರಿಸುವದು ಸುಲಭ. ಈ ಹೊತ್ತು ನಾವು ಧ್ಯಾನಿಸಬೇಕಾದವನು ಬೇರೊಬ್ಬನು. ಅವನು ಗಡಂಗಿನ ಮೆಟ್ಟಲನ್ನು ತುಳಿಯುವದಿಲ್ಲ. ದಿನದ ಕೆಲಸವನ್ನು ಸರಿಯಾಗಿ ತೀರಿಸಿ, ಮನೆಗೆ ಬಂದು, ಕೈಕಾಲು ತೊಳೆದು, ಬಾಗಿಲನ್ನು ಮುಚ್ಚಿ, ಕಪಾಟಿನಿಂದ ತನಗೆ ರುಚಿಸುವ ಸೀಸೆಯನ್ನು ತೆಗೆದು ಸುಖವಾಗಿ ಕೂತುಕೊಳ್ಳುತ್ತಾನೆ. “ನನ್ನ ದುಡ್ಡು, ನನ್ನ ಮನೆ, ಇದರಿಂದ ಯಾರಿಗೇನು ಕೇಡು?” ಎಂಬದು ಅವನ ಮಾತು. ಈ ಪ್ರಶ್ನೆಯನ್ನು ನಾವು ತಳ್ಳಿಬಿಡದೆ ಅದಕ್ಕೆ ಉತ್ತರ ಕೊಡತಕ್ಕದ್ದು.

ಈ ಪದ್ಧತಿಯು ನಮ್ಮ ಊರುಗಳಲ್ಲಿ ಹೆಚ್ಚುತ್ತಾ ಬಂದದ್ದನ್ನು ನಾವೆಲ್ಲರೂ ಕಂಡಿದ್ದೇವೆ. 2007ನೇ ಇಸವಿಯ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿಯ ಮಾರಾಟವು ನಿಲ್ಲಿಸಲ್ಪಟ್ಟಿತು. ಆದರೆ ಸಾರಾಯಿಯನ್ನು ಬಿಟ್ಟ ಅನೇಕರು ಮದ್ಯವನ್ನು ಬಿಡಲಿಲ್ಲ. ಬ್ರಾಂದಿ, ರಮ್ಮು, ವಿಸ್ಕಿಗಳ ಸೀಸೆಗೆ ಕೈಚಾಚಿದರು. ಬಳಿಕ 2020ರಲ್ಲಿ ಕೊರೊನಾ ರೋಗದ ನಿಮಿತ್ತ ಮುಚ್ಚಿದ್ದ ಅಂಗಡಿಗಳು ಮೇ 4ರಂದು ತೆರೆದಾಗ ಜನರು ಬಿಸಿಲಿನಲ್ಲಿ ಸಾಲುಗಟ್ಟಿ ನಿಂತರು. ಅಲ್ಲಿಯೇ ಕೂತು ಕುಡಿಯುವದಕ್ಕೆ ಅಪ್ಪಣೆ ಇರಲಿಲ್ಲ. ಕೊಂಡದ್ದನ್ನು ಮನೆಗೆ ಒಯ್ಯಬೇಕಾಗಿತ್ತು. ರೋಗವು ತಗ್ಗಿತು, ಸೀಸೆಯು ಅನೇಕ ಮನೆಗಳಲ್ಲಿ ಉಳಿಯಿತು.

ಒಂದನೆಯದಾಗಿ, ನೋಹನು ಎಂಥವನೆಂಬದನ್ನು ನೋಡಿರಿ. ಆತನು ದುಷ್ಟನಲ್ಲ, ತನ್ನ ತಲೆಯವರಲ್ಲಿ ನೀತಿವಂತನೆಂದು ಸಾಕ್ಷಿ ಹೊಂದಿದವನು. ಜಲಪ್ರಳಯವನ್ನು ದಾಟಿದವನು, ಯಜ್ಞವೇದಿಯನ್ನು ಕಟ್ಟಿದವನು, ದೇವರ ಒಡಂಬಡಿಕೆಯ ಬಿಲ್ಲನ್ನು ಮೇಘದಲ್ಲಿ ಕಂಡವನು. ಆತನು ದ್ರಾಕ್ಷೆಯ ತೋಟವನ್ನು ಮಾಡಿದ್ದು ಪಾಪವಲ್ಲ. ಅದು ಬೇಸಾಯಗಾರನ ಕೆಲಸ. ಆತನು ಕುಡಿದದ್ದು ಅನ್ಯರ ಸಂಗಡ ಅಲ್ಲ, ತನ್ನ ಸ್ವಂತ ಗುಡಾರದಲ್ಲಿ. ಹೊರಗಿನ ಮಹಾ ಪ್ರಳಯದಲ್ಲಿ ಮುಳುಗದೆ ಉಳಿದವನು ಗುಡಾರದೊಳಗಿನ ಒಂದು ಪಾತ್ರೆಯಲ್ಲಿ ಮುಳುಗಿದನು. ಆದದರಿಂದ ‘ನಾನು ಮಾನವಂತನು, ನನ್ನ ಮನೆಯಲ್ಲಿದ್ದೇನೆ’ ಎಂಬದು ಕಾವಲಲ್ಲ.

ಎರಡನೆಯದಾಗಿ, ಮನೆಯಲ್ಲಿ ಸಾಕೆನ್ನುವವರು ಇಲ್ಲ. ಅಂಗಡಿಯಲ್ಲಿ 30 ಮಿಲಿಲೀಟರಿನ ಅಳತೆಯಿದೆ, ಮುಚ್ಚುವ ಹೊತ್ತಿದೆ, ನೋಡುವ ನೆರೆಯವರಿದ್ದಾರೆ. ಮನೆಯಲ್ಲಿಯಾದರೋ ಕೈಯೇ ಅಳತೆ, ನಿದ್ದೆಯೇ ಮುಚ್ಚುವ ಹೊತ್ತು. ನಮ್ಮ ದೇಶದ ವಿಸ್ಕಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಪಾಲು ಮದ್ಯಸಾರವಿರುತ್ತದೆ. ಅದರ 60 ಮಿಲಿಲೀಟರಿನಲ್ಲಿ ಸುಮಾರು 20 ಗ್ರಾಮು ಮದ್ಯಸಾರ ಉಂಟು. ನಮ್ಮ ಪಿತ್ತಜನಕಾಂಗವು ಘಂಟೆಗೆ ಹೆಚ್ಚು ಕಡಿಮೆ 7ರಿಂದ 10 ಗ್ರಾಮನ್ನು ಮಾತ್ರ ಕರಗಿಸಬಲ್ಲದು. ಆದಕಾರಣ ಎರಡು ಮೂರು ಘಂಟೆಗಳ ಕೆಲಸವನ್ನು ನಾವು ನಾಲ್ಕು ಗುಟುಕುಗಳಲ್ಲಿ ಅದರ ಮೇಲೆ ಹೊರಿಸುತ್ತೇವೆ. “ನಾನು ಕುಡಿಯುವದು ಬರೇ ಬೀರು” ಎಂದು ಸಮಾಧಾನ ಪಟ್ಟುಕೊಳ್ಳುವವರಿದ್ದಾರೆ. ನೂರಕ್ಕೆ 5 ಪಾಲಿನ ಬೀರು ತುಂಬಿದ 650 ಮಿಲಿಲೀಟರಿನ ಒಂದು ಸೀಸೆಯಲ್ಲಿ ಆ 60 ಮಿಲಿಲೀಟರು ವಿಸ್ಕಿಗಿಂತಲೂ ಹೆಚ್ಚು ಮದ್ಯಸಾರವಿದೆ. ಇದಲ್ಲದೆ ದೇಹವು ಬೇಗನೆ ರೂಢಿಗೊಳ್ಳುತ್ತದೆ. ನಿನ್ನೆ ಸಾಕಾದದ್ದು ನಾಳೆ ಸಾಲದು. ಮದ್ಯವು 1988ರಲ್ಲಿಯೇ ಕ್ಯಾನ್ಸರನ್ನು ಹುಟ್ಟಿಸುವವುಗಳ ಮೊದಲನೆಯ ವರ್ಗದಲ್ಲಿ ಪಂಡಿತರಿಂದ ಸೇರಿಸಲ್ಪಟ್ಟಿತು. 2023ರ ಜನವರಿಯಲ್ಲಿ ಲೋಕಾರೋಗ್ಯ ಸಂಸ್ಥೆಯವರು, ಆರೋಗ್ಯಕ್ಕೆ ಕೇಡಿಲ್ಲದ ಪ್ರಮಾಣವೆಂಬದು ಮದ್ಯದಲ್ಲಿ ಇಲ್ಲವೆಂದು ತಿಳಿಸಿದರು.

ಮೂರನೆಯದಾಗಿ, ಒಬ್ಬನು ಕುಡಿದದ್ದರ ಬೆಲೆಯನ್ನು ಇನ್ನೊಬ್ಬನು ತೆರುತ್ತಾನೆ. ಜಲಪ್ರಳಯದ ಇಡೀ ಚರಿತ್ರೆಯಲ್ಲಿ ನೋಹನು ಆಡಿದ ಒಂದು ಮಾತಾದರೂ ಬರೆಯಲ್ಪಟ್ಟಿಲ್ಲ. ಆತನ ಬಾಯಿಂದ ನಮಗೆ ಮೊದಲು ಕೇಳಿಬರುವದು, ಅಮಲಿಳಿದು ಎದ್ದಾಗ ಉಚ್ಚರಿಸಿದ ಶಾಪವೇ. ಅದನ್ನು ನುಡಿದವನು ದೇವರಲ್ಲ, ನೋಹನು. ಅದು ಬಿದ್ದದ್ದು ಕುಡಿದವನ ಮೇಲೆ ಅಲ್ಲ, ನೋಡಿದ ಮಗನ ಮೇಲೆಯೂ ಅಲ್ಲ. ಏನೂ ಮಾಡದಿದ್ದ ಮೊಮ್ಮಗನಾದ ಕಾನಾನನ ಮೇಲೆ. ಮನೆಯ ಪಾತ್ರೆಯ ಲೆಕ್ಕವು ಹೀಗೆಯೇ ಮಕ್ಕಳಿಗೆ ಇಳಿಯುತ್ತದೆ.

ಇಲ್ಲಿ ನನ್ನ ತಪ್ಪನ್ನು ನಾನು ಅರಿಕೆಮಾಡಬೇಕು. ನಾನು ಸಂದರ್ಶಿಸುವ ಒಂದು ಸಭೆಯಲ್ಲಿ ಒಬ್ಬ ಗೃಹಸ್ಥನಿದ್ದಾನೆ. ಆದಿತ್ಯವಾರದ ಆರಾಧನೆಯನ್ನು ತಪ್ಪಿಸುವವನಲ್ಲ, ಕಾಣಿಕೆಯಲ್ಲಿ ಹಿಂದೆಬೀಳುವವನಲ್ಲ. ಗಡಂಗಿನ ಬಳಿಯಲ್ಲಿ ಎಂದೂ ಕಾಣದ ಅವನನ್ನು ನಾನು ಯೌವನಸ್ಥರ ಮುಂದೆ ಮಾದರಿಯಾಗಿ ತೋರಿಸಿದ್ದುಂಟು. ಒಂದು ಸಂಜೆ ಮಳೆಗೆ ಸಿಕ್ಕಿ, ಮುಂಚಿತವಾಗಿ ತಿಳಿಸದೆ, ಅವನ ಮನೆಗೆ ಹೋದೆನು. ಅವನು ಸ್ನಾನಕ್ಕೆ ಹೋಗಿದ್ದನು. ಹೆಂಡತಿಯು ಅಡಿಗೆಯ ಮನೆಯಲ್ಲಿದ್ದಳು. ಎಂಟು ವರುಷದ ಮಗಳು ನನಗೆ ಚಾಪೆ ಹಾಸಿದಳು. ಬಳಿಕ ಯಾರೂ ಹೇಳದೆ ಒಂದು ಗಾಜಿನ ಲೋಟವನ್ನು ಒರೆಸಿ, ಸೀಸೆಯನ್ನು ತಂದು, ಲೋಟದ ಮೇಲಿದ್ದ ಹೂವಿನ ಚಿತ್ರದ ಮಟ್ಟಕ್ಕೆ ಹೊಯ್ದು, ನೀರಿನ ತಂಬಿಗೆಯನ್ನು ಬದಿಯಲ್ಲಿಟ್ಟಳು. ಒಂದು ತೊಟ್ಟೂ ಚೆಲ್ಲಲಿಲ್ಲ. ಆ ಮೇಲೆ ನನ್ನ ಕಡೆಗೆ ತಿರುಗಿ, “ಅಯ್ಯನವರೇ, ನಿಮಗೂ ಹೂವಿನ ತನಕವೋ?” ಎಂದು ಕೇಳಿದಳು.

ಆಕೆಯ ಮಾತಿನಲ್ಲಿ ಹಾಸ್ಯವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಬೇಡವೆಂದೆನು. ಪುಸ್ತಕ ತೆರೆದಿದ್ದನ್ನು ಕಂಡು, ಪಾಠ ಓದಿ ಆಯಿತೋ ಎಂದು ವಿಚಾರಿಸಿದೆನು. “ಅಪ್ಪನಿಗೆ ಮೊದಲೇ ಒಪ್ಪಿಸಿಬಿಡುತ್ತೇನೆ. ಲೋಟ ಮುಗಿದ ಮೇಲೆ ತಪ್ಪಿದರೆ ಬಹಳ ಕೋಪ” ಎಂದಳು. ಅಷ್ಟರಲ್ಲಿ ತಂದೆಯು ಬಂದು ನಮ್ಮಿಬ್ಬರನ್ನೂ ಲೋಟವನ್ನೂ ಕಂಡು ಬಾಗಿಲಲ್ಲಿಯೇ ನಿಂತನು. ನಾನು ಪ್ರಾರ್ಥನೆ ಮಾಡಿ, ಒಂದು ಮಾತನ್ನೂ ಹೇಳದೆ ಹೊರಟುಬಂದೆನು. ಹೇಳುವ ಧೈರ್ಯ ನನಗೆ ಎರಡು ವಾರಗಳ ತನಕ ಬರಲಿಲ್ಲ. ಯಾಕಂದರೆ ಬೀದಿಯನ್ನು ಕಾಯುತ್ತಾ ಮನೆಯನ್ನು ನೋಡದಿದ್ದ ಉಪದೇಶಿಯು ನಾನೇ ಎಂದು ನನ್ನ ಮನಸ್ಸು ಚುಚ್ಚುತ್ತಿತ್ತು. ಆ ಸಹೋದರನ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತೇನೆ.

ಕೆಲವರು ಕೇಳುವರು: ಕರ್ತನು ಕಾನಾ ಊರಿನ ಮದುವೆಯಲ್ಲಿ ನೀರನ್ನು ದ್ರಾಕ್ಷಾರಸವಾಗಿ ಮಾಡಲಿಲ್ಲವೋ? ಪೌಲನು ತಿಮೊಥೆಯನಿಗೆ ಅದನ್ನು ಹೇಳಲಿಲ್ಲವೋ? ಹೌದು, ಸತ್ಯವೇದವು ಹೇಳದಿರುವ ಆಜ್ಞೆಯನ್ನು ನಾನು ನಿಮ್ಮ ಮೇಲೆ ಹೊರಿಸಲಾರೆನು. ಆದರೆ ಕಾನಾದಲ್ಲಿ ಊರೆಲ್ಲಾ ಕೂಡಿದ ಒಂದು ಹಬ್ಬವಿತ್ತು; ದಿನಾಲೂ ಮುಚ್ಚಿದ ಬಾಗಿಲ ಹಿಂದಿನ ಲೋಟವಲ್ಲ. ತಿಮೊಥೆಯನಿಗೆ ಹೇಳಲ್ಪಟ್ಟದ್ದು ಹೊಟ್ಟೆಯ ರೋಗದ ನಿಮಿತ್ತ, ಅದೂ ಸ್ವಲ್ಪವೇ. ನಿಮ್ಮ ಕೈಯಲ್ಲಿರುವದು ಸ್ವಲ್ಪವೋ ಎಂಬದನ್ನು ನೀವೇ ಪರೀಕ್ಷಿಸಿಕೊಳ್ಳಿರಿ. ಒಂದು ತಿಂಗಳು ಅದಿಲ್ಲದೆ ಸುಮ್ಮನಿರಲಾಗುವದೋ? ಆಗದಿದ್ದರೆ ಒಡೆಯನು ಯಾರು, ದಾಸನು ಯಾರು ಎಂಬದು ತಿಳಿದುಬರುವದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಹು ಕಾಲ ದಿನಾಲೂ ಹೆಚ್ಚಾಗಿ ಕುಡಿದವನು ಒಮ್ಮೆಲೇ ಬಿಟ್ಟರೆ ಕೈನಡುಕ, ಅಪಸ್ಮಾರ, ಬುದ್ಧಿಭ್ರಮಣೆಗಳು ಉಂಟಾಗಬಹುದು, ಪ್ರಾಣಕ್ಕೂ ಅಪಾಯವಿದೆ. ಅಂಥವನು ಮೊದಲು ವೈದ್ಯರ ಬಳಿಗೆ ಹೋಗಲಿ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ವಿಭಾಗವುಂಟು. ವೈದ್ಯರ ಬಳಿಗೆ ಹೋಗುವದು ನಂಬಿಕೆಯ ಕೊರತೆಯಲ್ಲ. ಅಮೇರಿಕದಲ್ಲಿ 1935ರಲ್ಲಿ ಇಬ್ಬರು ಕುಡುಕರು ಒಬ್ಬರನ್ನೊಬ್ಬರು ಎತ್ತಿಹಿಡಿದದ್ದರಿಂದ ಹುಟ್ಟಿದ ಸಂಗವು ಇಂದು ನಮ್ಮ ನಾಡಿನಲ್ಲಿಯೂ ಕೂಡುತ್ತದೆ. ಅದಕ್ಕೆ ಹಣ ಬೇಡ, ನಿಜ ಹೇಳುವ ಮನಸ್ಸು ಸಾಕು.

ನೆರೆಯವರಾದ ನಮಗೂ ಒಂದು ಕೆಲಸವಿದೆ. ಹಾಮನು ಕಂಡದ್ದನ್ನು ಹೊರಗೆ ಹೇಳಿದನು. ಶೇಮನೂ ಯೆಫೆತನೂ ಹಿಂದಕ್ಕೆ ನಡೆದು ತಂದೆಗೆ ಹೊದಿಸಿದರು. ಬಿದ್ದವನ ಸುದ್ದಿಯನ್ನು ಹರಡಬೇಡಿರಿ. ಆದರೆ ಹೊದಿಸುವದು ಬೇರೆ, ಬಚ್ಚಿಡುವದು ಬೇರೆ. ಹೆಂಡತಿಯು ಹೊಡೆತ ತಿನ್ನುವ ಮನೆಯಲ್ಲಿ, ಮಗುವು ಹೆದರಿ ಪಾಠ ಒಪ್ಪಿಸುವ ಮನೆಯಲ್ಲಿ ಮೌನವು ಪ್ರೀತಿಯಲ್ಲ.

ಕಡೆಯದಾಗಿ, ಯೆರೆಮೀಯನ ಗ್ರಂಥದ 35ನೇ ಅಧ್ಯಾಯದಲ್ಲಿರುವ ರೇಕಾಬ್ಯರನ್ನು ಜ್ಞಾಪಿಸಿಕೊಳ್ಳಿರಿ. ದೇವಾಲಯದ ಕೊಠಡಿಯಲ್ಲಿ ದ್ರಾಕ್ಷಾರಸ ತುಂಬಿದ ಪಾತ್ರೆಗಳು ಅವರ ಮುಂದೆ ಇಡಲ್ಪಟ್ಟಾಗ ಅವರು ಮುಟ್ಟಲಿಲ್ಲ. ತಮ್ಮ ಮೂಲಪಿತೃವಾದ ಯೋನಾದಾಬನು ಬೇಡವೆಂದಿದ್ದನು. ಆತನು ಸತ್ತು ಇನ್ನೂರು ವರುಷಗಳು ದಾಟಿದ್ದವು. ಮನೆಯಲ್ಲಿ ಕಲಿತದ್ದು ಅಷ್ಟು ಕಾಲ ಬಾಳುತ್ತದೆ, ಒಳ್ಳೇದಾಗಲಿ ಕೆಟ್ಟದ್ದಾಗಲಿ.

ಆ ಸಹೋದರನು ವೈದ್ಯರ ಆಲೋಚನೆಯಂತೆ ನಡೆಯುತ್ತಿದ್ದಾನೆ. ಒಮ್ಮೆ ಬಿದ್ದನು, ಮತ್ತೆ ಎದ್ದನು, ಅವನಿಗಾಗಿ ಪ್ರಾರ್ಥಿಸಿರಿ. ಹೋದ ತಿಂಗಳು ಅವನ ಮನೆಗೆ ಹೋದಾಗ ಆ ಹುಡುಗಿಯು ಅದೇ ಲೋಟದಲ್ಲಿ ನನಗೆ ಮಜ್ಜಿಗೆ ತಂದುಕೊಟ್ಟಳು. ಹೂವಿನ ಮೇಲೆಯೂ ತುಂಬಿಸಿದ್ದಳು. ಚಾಪೆಯ ಮೇಲೆ ಬಹಳ ಚೆಲ್ಲಿತು. ನಾನು ಕರ್ತನನ್ನು ಸ್ತುತಿಸಿ ಕುಡಿದೆನು.

ನಮ್ಮ ಬೀದಿಗಳನ್ನು ಮಾತ್ರವಲ್ಲ, ಮುಚ್ಚಿದ ಬಾಗಿಲುಗಳ ಒಳಗನ್ನೂ ನೋಡುವ ಕರ್ತನು ನಮ್ಮ ಮನೆಗಳನ್ನು ಕಾಪಾಡಲಿ. ಆಮೆನ್.