ದಾನವೂ ವಿವೇಕವೂ

ದಶಲಕ್ಷಣ ಪರ್ವದ ಎಂಟನೆಯ ದಿನ ಉತ್ತಮ ತ್ಯಾಗಧರ್ಮಕ್ಕೆ ಮೀಸಲಾದುದು. ಅಂದು ಬಸದಿಗಳಲ್ಲಿ ದಾನದ ಮಹಿಮೆಯನ್ನು ಕುರಿತು ಪ್ರವಚನಗಳು ನಡೆಯುತ್ತವೆ. ಉಪವಾಸ, ಏಕಭುಕ್ತಗಳನ್ನು ಕೈಗೊಂಡ ಶ್ರಾವಕ ಶ್ರಾವಿಕೆಯರು ತಮ್ಮ ತಮ್ಮ ಶಕ್ತಿಗೆ ಅನುಗುಣವಾಗಿ ದಾನವನ್ನು ಘೋಷಿಸುತ್ತಾರೆ. ಪಟ್ಟಿಯಲ್ಲಿ ಹೆಸರು ಬರೆಸಿ, ಹಣವನ್ನು ಸಲ್ಲಿಸಿ, ರಸೀದಿಯನ್ನು ಪಡೆದೊಡನೆ ದಾನಕಾರ್ಯವು ಪೂರ್ಣವಾಯಿತೆಂದು ಬಹುಮಂದಿ ಭಾವಿಸುವುದು ಸಹಜ. ಆದರೆ ರಸೀದಿಯು ಹಣವು ದಾನಿಯ ಕೈಯನ್ನು ಬಿಟ್ಟಿತೆಂಬುದಕ್ಕೆ ಮಾತ್ರ ಸಾಕ್ಷಿ. ಆ ಹಣವು ಯಾರ ಹಸಿವನ್ನು ತಣಿಸಿತು, ಯಾರ ರೋಗವನ್ನು ನೀಗಿತು ಎಂಬುದಕ್ಕೆ ಅದು ಸಾಕ್ಷಿಯಲ್ಲ. ಇಲ್ಲಿ ವಿಚಾರಾರ್ಹವಾದ ಒಂದು ಪ್ರಶ್ನೆ ಏಳುತ್ತದೆ: ದಾನಿಯ ಹೊಣೆ ಕೊಟ್ಟಲ್ಲಿಗೆ ಮುಗಿಯುತ್ತದೆಯೋ, ಕೊಟ್ಟದ್ದು ತಲುಪುವವರೆಗೂ ಉಳಿಯುತ್ತದೆಯೋ?

ಕೊಟ್ಟಲ್ಲಿಗೆ ಮುಗಿಯಿತೆನ್ನುವವರ ವಾದವು ತಳ್ಳಿಹಾಕುವಂಥದಲ್ಲ. ಪುಣ್ಯಕ್ಕೆ ಮೂಲವು ಭಾವ. ಪರಿಣಾಮ ಶುದ್ಧಿಯಿಂದ ಕೊಟ್ಟವನಿಗೆ ಫಲವು ನಿಶ್ಚಿತ. ಮುಂದಿನದನ್ನು ವಿಚಾರಿಸುವುದು ದಾನವನ್ನು ವ್ಯಾಪಾರವಾಗಿ ಮಾಡಿದಂತೆ ಎಂದು ಅವರು ಹೇಳುತ್ತಾರೆ. ಭಾವದ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ತತ್ತ್ವಾರ್ಥಸೂತ್ರವು ದಾನದ ಲಕ್ಷಣವನ್ನು ಹೇಳುವಾಗ ತನ್ನದನ್ನು ಬಿಟ್ಟುಕೊಡುವುದು ಎಂಬಷ್ಟಕ್ಕೇ ನಿಲ್ಲಲಿಲ್ಲ. ಅನುಗ್ರಹಕ್ಕಾಗಿ ಬಿಟ್ಟುಕೊಡುವುದು ಎಂದಿತು. ಆ ಅನುಗ್ರಹವು ತನಗೂ ಪರರಿಗೂ ಆಗುವ ಉಪಕಾರವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದರು. ಅದೇ ಸೂತ್ರಗ್ರಂಥವು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನದಲ್ಲಿಯೂ ತಾರತಮ್ಯವು ಉಂಟಾಗುತ್ತದೆಂದು ತಿಳಿಸುತ್ತದೆ. ಭಾವವೊಂದೇ ಸಾಕಾಗಿದ್ದಲ್ಲಿ ದಾತೃವೊಬ್ಬನನ್ನು ಹೇಳಿ, ಉಳಿದ ಮೂರನ್ನು ಬಿಡಬಹುದಾಗಿತ್ತು. ಪರರಿಗೆ ಉಪಕಾರವಾಗದ ದಾನವು ಒಂದೇ ರೆಕ್ಕೆಯ ಹಕ್ಕಿ.

ಇನ್ನೊಂದು ದೃಷ್ಟಿಯಿಂದಲೂ ಇದನ್ನು ನೋಡಬಹುದು. ಶ್ರಾವಕನು ನೀರನ್ನು ಸೋಸಿ ಕುಡಿಯುತ್ತಾನೆ. 'ನನ್ನ ಮನಸ್ಸಿನಲ್ಲಿ ಹಿಂಸೆಯಿಲ್ಲ, ಆದ್ದರಿಂದ ಸೋಸುವ ಅಗತ್ಯವಿಲ್ಲ' ಎಂದು ಅವನು ಹೇಳುವುದಿಲ್ಲ. ಮುನಿಗಳು ಮುಂದಿನ ನೆಲವನ್ನು ನೋಡುತ್ತಾ ಹೆಜ್ಜೆಯಿಡುತ್ತಾರೆ. ಕರುಣೆ ತುಂಬಿದ ಹೃದಯವಿದ್ದರೂ ಕಣ್ಣನ್ನು ಮುಚ್ಚಿ ನಡೆಯುವುದಿಲ್ಲ. ನೋಡಬಹುದಾದುದನ್ನು ನೋಡದೆ ಇರುವುದೇ ಪ್ರಮಾದ. ಅಹಿಂಸೆಯಲ್ಲಿ ಪ್ರಮಾದವನ್ನು ದೋಷವೆಂದು ಎಣಿಸುವ ಧರ್ಮವು ದಾನದಲ್ಲಿ ಮಾತ್ರ ಅದನ್ನು ಗುಣವೆಂದು ಎಣಿಸೀತೆ? ದಾತೃವಿಗೆ ಇರಬೇಕಾದ ಏಳು ಗುಣಗಳಲ್ಲಿ ಶ್ರದ್ಧೆ, ಭಕ್ತಿಗಳ ಜೊತೆಗೆ ವಿಜ್ಞಾನವನ್ನೂ ಹಿರಿಯರು ಸೇರಿಸಿರುವುದು ಅಕಾರಣವಲ್ಲ.

ಸದ್ಭಾವದಿಂದ ಮಾಡಿದ ಕಾರ್ಯವು ವಿಪರೀತ ಫಲವನ್ನು ಕೊಡುವುದುಂಟು. ಪೇಟೆಯಲ್ಲಿ ಪಂಜರದೊಳಗಿನ ಗಿಳಿಗಳನ್ನು ಹಣ ಕೊಟ್ಟು ಬಿಡಿಸುವುದು ಅಭಯದಾನವೆಂದು ಅನೇಕರ ನಂಬಿಕೆ. ಬಿಡಿಸಿದ ಕೈಯಲ್ಲಿ ದಯೆಯಿದೆ, ಸಂದೇಹವಿಲ್ಲ. ಆದರೆ ಆ ಹಣವು ಸೇರಿದುದು ಬೇಟೆಗಾರನಿಗೆ. ಹತ್ತು ಹಕ್ಕಿಗಳು ಮಾರಾಟವಾದವೆಂದರೆ ಮರುದಿನ ಬಲೆಯನ್ನು ಬೀಸಲು ಅವನಿಗೆ ಹತ್ತು ಕಾರಣಗಳು ದೊರೆತವು. ಹಿಡಿಯುವಾಗ, ಸಾಗಿಸುವಾಗ ಸತ್ತ ಹಕ್ಕಿಗಳು ದಾನಿಯ ಕಣ್ಣಿಗೆ ಬೀಳುವುದೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಾಡಿನ ಕಾಡುಗಿಳಿಗಳನ್ನು ಹಿಡಿದು ಮಾರುವುದೇ ಅಪರಾಧ. ಹಣ ಕೊಟ್ಟು ಬಿಡಿಸುವುದಕ್ಕಿಂತ ಅರಣ್ಯ ಇಲಾಖೆಗೆ ತಿಳಿಸುವುದು, ಗಾಯಗೊಂಡ ಪಕ್ಷಿಗಳಿಗೆ ಚಿಕಿತ್ಸೆ ನೀಡುವ ಆಸ್ಪತ್ರೆಗೆ ಆ ಹಣವನ್ನು ಸಲ್ಲಿಸುವುದು ನಿಜವಾದ ಅಭಯಕ್ಕೆ ಹತ್ತಿರವಾದುದು.

ದ್ರವ್ಯದ ವಿಷಯದಲ್ಲಿಯೂ ಹೀಗೆಯೇ. 2004ರ ಡಿಸೆಂಬರಿನಲ್ಲಿ ಸುನಾಮಿಯು ತಮಿಳುನಾಡಿನ ನಾಗಪಟ್ಟಣದ ಕಡಲತೀರವನ್ನು ಧ್ವಂಸಮಾಡಿದಾಗ ದೇಶದ ನಾನಾ ಕಡೆಗಳಿಂದ ಹಳೆಯ ಬಟ್ಟೆಗಳು ಬಂದವು. ದುಡಿದು ಬಾಳಿದ ಮೀನುಗಾರ ಕುಟುಂಬಗಳಿಗೆ ಪರರು ಉಟ್ಟು ಬಿಟ್ಟ ಬಟ್ಟೆಗಳು ಬೇಕಾಗಿರಲಿಲ್ಲ. ಅವು ರಸ್ತೆಯ ಬದಿಗಳಲ್ಲಿ ರಾಶಿ ರಾಶಿಯಾಗಿ ಬಿದ್ದವು. ಕೊಟ್ಟವರು ತಮ್ಮಲ್ಲಿ ಏನು ಹೆಚ್ಚಾಗಿದೆ ಎಂಬುದನ್ನು ನೋಡಿದರೇ ಹೊರತು ಅಲ್ಲಿ ಏನು ಕಡಿಮೆಯಾಗಿದೆ ಎಂಬುದನ್ನು ವಿಚಾರಿಸಲಿಲ್ಲ.

ಇದಕ್ಕೆ ಪ್ರತಿಯಾಗಿ 1971ರ ಒಂದು ಸಂಗತಿಯನ್ನು ನೆನೆಯಬೇಕು. ಬಾಂಗ್ಲಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನೆರೆದಿದ್ದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ರಕ್ತನಾಳದ ಮೂಲಕ ಕೊಡಬೇಕಾದ ಲವಣಜಲವು ಮುಗಿಯುತ್ತ ಬಂದಿತ್ತು. ಆಗ ಡಾ. ದಿಲೀಪ್ ಮಹಲನಾಬಿಸ್ ಅವರು ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡ ಬೆರೆಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸುವ ಏರ್ಪಾಡು ಮಾಡಿದರು. ಮೊದಲು ನೂರಕ್ಕೆ ಸುಮಾರು 30ರಷ್ಟಿದ್ದ ಮರಣವು ಅವರ ಉಪಚಾರಕ್ಕೆ ಒಳಗಾದವರಲ್ಲಿ 4ಕ್ಕಿಂತ ಕೆಳಗಿಳಿಯಿತು. ಔಷಧದಾನದ ಇತಿಹಾಸದಲ್ಲಿ ಇದಕ್ಕಿಂತ ಅಗ್ಗವಾದುದೂ ಇದಕ್ಕಿಂತ ಫಲಕಾರಿಯಾದುದೂ ವಿರಳ. ಬಟ್ಟೆಯ ರಾಶಿಯು ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ. ಉಪ್ಪು ಸಕ್ಕರೆಯ ಪೊಟ್ಟಣವು ಕಾಣುವುದಿಲ್ಲ. ದಾನದ ಬೆಲೆಯು ದಾನಿಗೆ ಕಾಣುವ ಗಾತ್ರದಲ್ಲಿಲ್ಲ, ಪಡೆದವನಿಗೆ ಆದ ಉಪಕಾರದಲ್ಲಿದೆ.

ವಿಧಿಯೆಂದರೆ ಕೊಡುವ ಕ್ರಮ. 1976ರಲ್ಲಿ ಮಧುರೆಯಲ್ಲಿ ಡಾ. ಜಿ. ವೆಂಕಟಸ್ವಾಮಿಯವರು 11 ಹಾಸಿಗೆಗಳೊಂದಿಗೆ ಆರಂಭಿಸಿದ ಅರವಿಂದ ಕಣ್ಣಿನ ಆಸ್ಪತ್ರೆಯು ಇದಕ್ಕೆ ಒಳ್ಳೆಯ ನಿದರ್ಶನ. ಕಣ್ಣಿನ ಪೊರೆಯಿಂದ ಕುರುಡಾದ ಬಡವನಿಗೆ ಶಸ್ತ್ರಚಿಕಿತ್ಸೆಯು ಉಚಿತವೆಂದು ಸಾರಿದ ಮಾತ್ರಕ್ಕೆ ಅವನು ಬರಲಾರ. ಬಸ್ಸಿನ ಖರ್ಚು, ಊಟದ ಖರ್ಚು, ಜೊತೆಗೆ ಬರುವ ಮಗನ ಒಂದೆರಡು ದಿನಗಳ ಕೂಲಿಯ ನಷ್ಟ ಇವೇ ಅವನನ್ನು ಮನೆಯಲ್ಲಿ ಕಟ್ಟಿಹಾಕುತ್ತವೆ. ಆದುದರಿಂದ ಆ ಆಸ್ಪತ್ರೆಯವರು ಹಳ್ಳಿಗಳಲ್ಲಿ ಶಿಬಿರ ನಡೆಸಿ, ಆಯ್ದ ರೋಗಿಗಳನ್ನು ತಾವೇ ಆಸ್ಪತ್ರೆಗೆ ಕರೆತಂದು, ಊಟ ವಸತಿಗಳನ್ನು ಕೊಟ್ಟು, ಮರಳಿ ಊರಿಗೆ ತಲುಪಿಸುವ ಕ್ರಮವನ್ನು ರೂಢಿಸಿದರು. ಹಣ ಕೊಡಬಲ್ಲ ರೋಗಿಗಳ ಶುಲ್ಕದಿಂದ ಬಡವರ ಚಿಕಿತ್ಸೆಯ ವೆಚ್ಚವನ್ನು ತುಂಬಿದರು. ಕೃತಕ ಮಸೂರಗಳು ದುಬಾರಿಯಾದುದನ್ನು ಕಂಡು 1992ರಲ್ಲಿ ಅವುಗಳನ್ನು ತಯಾರಿಸುವ ಘಟಕವನ್ನೇ ಸ್ಥಾಪಿಸಿದರು. ವೈದ್ಯನ ಕೈಗೂ ರೋಗಿಯ ಕಣ್ಣಿಗೂ ನಡುವಿನ ಪ್ರತಿಯೊಂದು ಅಡ್ಡಿಯನ್ನೂ ಎಣಿಸಿ ತೆಗೆದುದೇ ಇಲ್ಲಿನ ವಿಧಿ.

ಪಾತ್ರದ ವಿಚಾರದಲ್ಲಿ ಒಂದು ತಪ್ಪು ಗ್ರಹಿಕೆಯನ್ನು ನಿವಾರಿಸಬೇಕು. ಪಾತ್ರಾಪಾತ್ರ ವಿವೇಚನೆಯೆಂದರೆ ಹಸಿದವನನ್ನು ನಿಲ್ಲಿಸಿ ಅವನ ಯೋಗ್ಯತೆಯನ್ನು ಪರೀಕ್ಷಿಸುವುದಲ್ಲ. ಭಕ್ತಿಯಿಂದ ಕೊಡುವಾಗ ಸುಪಾತ್ರವನ್ನು ನೋಡಬೇಕು. ಕರುಣೆಯಿಂದ ಕೊಡುವಾಗ ದುಃಖವೊಂದೇ ಅರ್ಹತೆ. ಹಾಗಾದರೆ ಪರೀಕ್ಷೆ ಯಾರದು? ಹಿಂದೆ ಶ್ರಾವಕನು ಅತಿಥಿ ಸಂವಿಭಾಗ ವ್ರತವನ್ನು ಮನೆಯ ಬಾಗಿಲಿನಲ್ಲಿ ನಿಂತು ಆಚರಿಸುತ್ತಿದ್ದನು. ತಾನೇ ಬಡಿಸಿ, ಸ್ವೀಕರಿಸಿದುದನ್ನು ತಾನೇ ಕಾಣುತ್ತಿದ್ದನು. ಇಂದು ದಾನಿಗೂ ದೀನನಿಗೂ ನಡುವೆ ಒಂದು ಸಂಸ್ಥೆಯಿರುತ್ತದೆ. ಇಬ್ಬರೂ ಪರಸ್ಪರ ಮುಖವನ್ನು ನೋಡುವುದಿಲ್ಲ. ಕೆರೆಯ ನೀರು ಗದ್ದೆಗೆ ಹರಿಯಬೇಕಾದರೆ ನೋಡಬೇಕಾದುದು ಗದ್ದೆಯ ಬಾಯಾರಿಕೆಯನ್ನಲ್ಲ, ಕಾಲುವೆಯ ಬಿರುಕನ್ನು. ಪರೀಕ್ಷೆಗೆ ಒಳಗಾಗಬೇಕಾದುದು ನಡುವಿನ ಸಂಸ್ಥೆಯೇ.

ಆ ಪರೀಕ್ಷೆಯನ್ನು ಹೇಗೆ ಮಾಡಬೇಕು? ಮೊದಲನೆಯದಾಗಿ, ಸಂಸ್ಥೆಯ ಉದ್ದೇಶವನ್ನಲ್ಲ, ಅದು ಮಾಡಿದ ಕಾರ್ಯವನ್ನು ಕೇಳಬೇಕು. ಗೋಶಾಲೆಯೊಂದಕ್ಕೆ ಕಳೆದ ವರ್ಷ ಬಂದ ಪಶುಗಳೆಷ್ಟು, ಅವುಗಳಲ್ಲಿ ಬದುಕಿದವೆಷ್ಟು, ಮೇವು ಎಷ್ಟು ತಿಂಗಳಿಗೆ ಸಾಕು, ಪಶುವೈದ್ಯರು ಎಷ್ಟು ಸಲ ಬರುತ್ತಾರೆ? ವಿದ್ಯಾರ್ಥಿನಿಲಯದಲ್ಲಿ ಸೇರಿದ ಮಕ್ಕಳಲ್ಲಿ ಓದನ್ನು ಮುಗಿಸಿದವರೆಷ್ಟು? ಎರಡನೆಯದಾಗಿ, ಲೆಕ್ಕಪರಿಶೋಧಕರ ವರದಿಯನ್ನು ಸಂಕೋಚವಿಲ್ಲದೆ ಕೊಡುತ್ತಾರೆಯೆ? ಮೂರನೆಯದಾಗಿ, ಫಲಿಸದೆ ಹೋದ ಕಾರ್ಯವನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆ ಅವರಲ್ಲಿದೆಯೆ? ನಾಲ್ಕನೆಯದಾಗಿ, ಇನ್ನೂ ಸಾವಿರ ರೂಪಾಯಿ ಬಂದರೆ ಅದರಿಂದ ಏನು ಮಾಡುವರು? ಅದಾಗಲೇ ತುಂಬಿದ ಕೊಡಕ್ಕೆ ಸುರಿದ ನೀರು ಹೊರಕ್ಕೆ ಚೆಲ್ಲುತ್ತದೆ.

ಆಡಳಿತ ವೆಚ್ಚವೊಂದನ್ನೇ ನೋಡಿ ತೀರ್ಮಾನಿಸುವ ರೂಢಿಯೂ ಸರಿಯಲ್ಲ. ಒಂದು ಸಂಸ್ಥೆಯು ನೂರು ರೂಪಾಯಿಗಳಲ್ಲಿ 5ನ್ನು ಮಾತ್ರ ಆಡಳಿತಕ್ಕೆ ಬಳಸಿ, ಉಳಿದ 95ರಲ್ಲಿ ಯಾರಿಗೂ ಬೇಡದ ಬಟ್ಟೆಗಳನ್ನು ಹಂಚಿತೆನ್ನೋಣ. ಇನ್ನೊಂದು 20ನ್ನು ಸಿಬ್ಬಂದಿಯ ತರಬೇತಿಗೂ ಲೆಕ್ಕಪತ್ರಕ್ಕೂ ವೆಚ್ಚಮಾಡಿ, 80ರಲ್ಲಿ ಸಾಯುತ್ತಿದ್ದ ಮಕ್ಕಳಿಗೆ ಲವಣಜಲವನ್ನು ತಲುಪಿಸಿತೆನ್ನೋಣ. ಮಿತವ್ಯಯವು ಮೊದಲನೆಯದರಲ್ಲಿ ಕಾಣುತ್ತದೆ; ಜೀವ ಉಳಿದುದು ಎರಡನೆಯದರಿಂದ.

ಆದರೂ ಎಲ್ಲ ದಾನಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಎರಡು ಕಣ್ಣಾಸ್ಪತ್ರೆಗಳನ್ನು ಹೋಲಿಸಬಹುದು. ಕಣ್ಣಾಸ್ಪತ್ರೆಯನ್ನೂ ಗ್ರಂಥಭಂಡಾರವನ್ನೂ ಹೋಲಿಸುವುದು ಸುಲಭವಲ್ಲ. 1007ರಲ್ಲಿ ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದುದು ಪ್ರಸಿದ್ಧವಾಗಿದೆ. ಆ ಶಾಸ್ತ್ರದಾನದ ಫಲವನ್ನು ಯಾವ ಅಂಕಿಯಿಂದ ಅಳೆಯುವುದು? ಆದರೆ ಅಲ್ಲಿಯೂ ವಿವೇಕವಿತ್ತು. ಓಲೆಗರಿಯು ಗೆದ್ದಲಿಗೆ, ನೀರಿಗೆ, ಬೆಂಕಿಗೆ ಸುಲಭವಾಗಿ ತುತ್ತಾಗುವ ವಸ್ತು. ಒಂದು ಪ್ರತಿಯನ್ನು ಚಿನ್ನದ ಪೆಟ್ಟಿಗೆಯಲ್ಲಿಟ್ಟು ಪೂಜಿಸುವುದಕ್ಕಿಂತ ಸಾವಿರ ಪ್ರತಿಗಳನ್ನು ಸಾವಿರ ಕೈಗಳಿಗೆ ಸೇರಿಸುವುದರಿಂದ ಕೃತಿಯು ಉಳಿಯುತ್ತದೆ. ಫಲವನ್ನು ಎಣಿಸಲಾಗದ ಕಡೆಯಲ್ಲಿಯೂ ಫಲವನ್ನು ಚಿಂತಿಸಬಹುದೆಂಬುದಕ್ಕೆ ಆ ಮಹಾಸತಿಯ ಕಾರ್ಯವೇ ದೃಷ್ಟಾಂತ.

ಇನ್ನು ದಾತೃವಿನ ಮಾತು. ವಿಚಾರಿಸಿ ಕೊಡಬೇಕೆಂಬ ಉಪದೇಶವು ಲೋಭಕ್ಕೆ ಮುಖವಾಡವಾಗಬಾರದು. 'ಯಾರನ್ನೂ ನಂಬುವಂತಿಲ್ಲ' ಎಂದು ಹೇಳಿ ಹಣದ ಚೀಲವನ್ನು ಬಿಗಿದುಕೊಳ್ಳುವವನು ಪರೀಕ್ಷಕನಲ್ಲ, ಕೃಪಣ. ನೀರು ಸೋಸುವವನು ಕೊನೆಗೆ ಕುಡಿಯುತ್ತಾನೆ. ಸೋಸುತ್ತಲೇ ಕುಳಿತು ಬಾಯಾರಿ ಸಾಯುವುದಿಲ್ಲ. ಶಕ್ತಿಮೀರಿ ಎಚ್ಚರವಹಿಸಿದ ಬಳಿಕವೂ ಮೋಸವಾದರೆ ಅದು ದಾನಿಯ ದೋಷವಲ್ಲ. ಅವನಿಂದ ಬಯಸುವುದು ಅಪ್ರಮಾದವನ್ನೇ ಹೊರತು ಸರ್ವಜ್ಞತ್ವವನ್ನಲ್ಲ. ಲೋಭದಂತೆ ಮಾನಕಷಾಯವೂ ಕಣ್ಣನ್ನು ಕಟ್ಟುತ್ತದೆ. ಹೆಸರು ಕೆತ್ತಿದ ಅಮೃತಶಿಲೆಗೆ ದಾನಿಗಳು ಬೇಗ ದೊರೆಯುತ್ತಾರೆ. ದಾದಿಯ ಸಂಬಳಕ್ಕೆ, ಬಸ್ಸಿನ ಖರ್ಚಿಗೆ ದೊರೆಯುವುದಿಲ್ಲ. ಹೆಸರು ಎಲ್ಲಿಯೂ ಕಾಣದ ಕಡೆಯಲ್ಲಿ ಕೊಡಲು ಮನಸ್ಸು ಹಿಂಜರಿದರೆ, ಆ ಹಿಂಜರಿಕೆಯನ್ನೇ ಮೊದಲು ಪರೀಕ್ಷಿಸಬೇಕು.

ಪರಿಗ್ರಹ ಪರಿಮಾಣ ವ್ರತವನ್ನು ತೊಟ್ಟವನು ತನಗೆ ಇಷ್ಟು ಸಾಕೆಂದು ಮೇರೆಯನ್ನು ಹಾಕಿಕೊಳ್ಳುತ್ತಾನೆ. ಆ ಮೇರೆಯಿಂದ ಆಚೆಗಿನ ಹಣಕ್ಕೆ ಅವನು ಒಡೆಯನಲ್ಲ, ಪಾಲಕ. ಒಂದೇ ರೂಪಾಯಿಯನ್ನು ಎರಡು ಬಾರಿ ಕೊಡಲಾಗದು. ಇಲ್ಲಿ ವ್ಯರ್ಥವಾದುದು ಅಲ್ಲಿ ಒಂದು ಜೀವಕ್ಕೆ ಆಸರೆಯಾಗಬಹುದಾಗಿತ್ತು. ಆದುದರಿಂದ ವರ್ಷದ ಆದಿಯಲ್ಲಿ ದಾನದ ಪ್ರಮಾಣವನ್ನು ಸಂಕಲ್ಪಿಸಿ, ಎರಡು ಮೂರು ಸಂಸ್ಥೆಗಳನ್ನು ವಿಚಾರಿಸಿ ಆರಿಸಿ, ಅವುಗಳಿಗೆ ನಿಯಮದಿಂದ ಕೊಟ್ಟು, ವರ್ಷಾಂತ್ಯದಲ್ಲಿ ಅವುಗಳ ಕಾರ್ಯವನ್ನು ಪುನಃ ಪರಿಶೀಲಿಸುವುದು ಶ್ರಾವಕರಿಗೆ ಉಚಿತವಾದ ಕ್ರಮ. ಉಪವಾಸವನ್ನು ಪಾರಣೆಯವರೆಗೆ ಎಚ್ಚರದಿಂದ ಕಾಯುವ ವ್ರತಿಯು ದಾನವನ್ನೂ ಅದು ತಲುಪುವವರೆಗೆ ಕಾಯಲಿ.