ಹಾಡಿನ ಗೇಣಿ

ಊರೂರು ತಿರುಗಿ ಹಾಡು ಕಟ್ಟಿ ಹಾಡುವವನ ಬಗ್ಗೆ ಯಾರಾದರೂ ಬರೆಯಲು ಕೂತರೆ, ಮೊದಲ ಪುಟ ಅವನ ಹುಟ್ಟಿಗೆ, ಎರಡನೆಯ ಪುಟ ಅವನ ಮೇಲಾದ 'ಪ್ರಭಾವ'ಗಳಿಗೆ. ಎಲ್ಲೋ ಒಬ್ಬ ಮುದುಕಿಯ ಹಾಡು ಕೇಳಿದ, ಯಾವುದೋ ಬುಡಕಟ್ಟಿನ ಮಟ್ಟು ಅವನನ್ನು ಕಾಡಿತು, ಅದೇ ಮುಂದೆ ಅವನ ಹಾಡಾಯಿತು. ಮುದುಕಿ ಆ ಪುಟ ದಾಟಿ ಮುಂದೆ ಬರೋದಿಲ್ಲ. ಪ್ರಭಾವ ಬೀರಿಯಾಯಿತಲ್ಲ, ಅವಳ ಕೆಲಸ ಮುಗಿಯಿತು. ಈ ಮಾತಿನ ಮೇಲೆ ನಮಗೆ ಅನುಮಾನವಿದೆ. ಅಂಗಡಿಯಿಂದ ಅಕ್ಕಿ ತಂದವನು 'ಅಂಗಡಿಯವನ ಪ್ರಭಾವಕ್ಕೆ ಒಳಗಾದೆ' ಅಂತ ಹೇಳಿ ಹೋಗಲು ಆಗುತ್ತದೆಯೆ? ಅದಕ್ಕೆ ಸಾಲ ಅಂತಾರೆ. ಹಾಡಿನ ವಿಷಯಕ್ಕೆ ಬಂದಾಗ ಮಾತ್ರ ಸಾಲಕ್ಕೆ ಬೇರೆ ಹೆಸರು ಯಾಕೆ?

ಗೋಕರ್ಣದ ದಕ್ಷಿಣಕ್ಕೆ, ಕುಡ್ಲೆ ದಂಡೆ ದಾಟಿ ಗುಡ್ಡ ಇಳಿದರೆ ಓಂ ಬೀಚು. ದಂಡೆ ಎರಡು ಕಡೆ ಓಂಕಾರದ ಹಾಗೆ ಬಳುಕಿದ್ದಕ್ಕೆ ಆ ಹೆಸರು. ಗೋವೆ ದುಬಾರಿಯಾಗಿ ಗದ್ದಲ ಹೆಚ್ಚಿದ ಮೇಲೆ ದೂರದೇಶದ ತಿರುಗಾಡಿಗಳು ಇಲ್ಲಿಗೆ ಬರತೊಡಗಿದರು. ಬೈಗಿನ ಹೊತ್ತು ಗಿಟಾರ್ ಹಿಡಿದು ಕೂತವರು ಇಲ್ಲಿ ಕಾಣಸಿಗುತ್ತಾರೆ. ಒಳ್ಳೆಯ ಜನ, ನಮಗೆ ಅವರ ಮೇಲೆ ಜಗಳವಿಲ್ಲ. ಅದೇ ಸೀಮೆಯ ಬೀದಿಗಳಲ್ಲಿ, ಕಡಲಂಚಿನಲ್ಲಿ, ಕೊರಳ ತುಂಬ ಮಣಿಸರ ಹಾಕಿಕೊಂಡ ಹಾಲಕ್ಕಿ ಹೆಂಗಸರು ಹೂವು, ಹಣ್ಣು, ತರಕಾರಿ ಮಾರುತ್ತಾರೆ. ಬುಟ್ಟಿಯಲ್ಲಿ ಏನಿದೆ ಅಂತ ಎಲ್ಲರೂ ನೋಡ್ತಾರೆ. ನೆಟ್ಟಿಯ ಹಾಡು, ಮದುವೆಯ ಹಾಡು, ಸುಗ್ಗಿಯ ಹಾಡು, ತಾರ್ಲೆಯ ಹಾಡು ಅದೇ ಹೆಂಗಸಿನ ಎದೆಯಲ್ಲಿ ಎಷ್ಟಿವೆ ಅಂತ ಕೇಳುವವರು ಕಮ್ಮಿ.

ಇಬ್ಬರೂ ಹಾಡುಗಾರರೇ. ಒಬ್ಬನ ಅಲೆದಾಟಕ್ಕೆ 'ಟೂರ್' ಎಂಬ ಹೆಸರು, ಇನ್ನೊಬ್ಬಳ ಅಲೆದಾಟಕ್ಕೆ ವ್ಯಾಪಾರ. ಹೊನ್ನಾವರದ ಕಡೆ ಯಕ್ಷಗಾನ ಮೇಳ ಮಳೆ ಮುಗಿದ ಮೇಲೆ ಊರೂರಿಗೆ ಹೊರಟರೆ ಅದಕ್ಕೆ ತಿರುಗಾಟ ಅಂತಾರೆ, ಗೌರವದ ಮಾತು. ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆ ಹಾಡುತ್ತ ಮನೆಮನೆಗೆ ಹೋಗುವ ನೀಲಗಾರನದು ಮಾತ್ರ ಭಿಕ್ಷೆ. ನಡೆಯುವುದೂ ಹಾಡುವುದೂ ಒಂದೇ ಆದಾಗ ಈ ಹೆಸರುಗಳನ್ನು ಬೇರೆ ಮಾಡಿದ್ದು ರಾಗವಲ್ಲ, ಜಾತಿ ಮತ್ತು ಕಾಸು.

ಅಂಕೋಲಾ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ನಮ್ಮ ಓದುಗರು ಬಲ್ಲರು. ಓದು ಬರಹ ಕಲಿತವರಲ್ಲ. ತಾಯಿಯಿಂದ ಕಲಿತ ಹಾಡುಗಳನ್ನು ಬಾಯಲ್ಲೇ ಕಾಪಾಡಿದರು, ಹುಡುಗಿಯರಿಗೆ ಕಲಿಸಿದರು, ಸಾವಿರಗಟ್ಟಲೆ ಹಾಡು ಬಲ್ಲವರೆಂದು ನಾಡೆಲ್ಲ ಕೊಂಡಾಡಿತು. ಗದ್ದೆಯಲ್ಲಿ ಹುಟ್ಟಿದ ಆ ಹಾಡು ವಯಸ್ಸಾದ ಮೇಲೆ ವೇದಿಕೆಯಿಂದ ವೇದಿಕೆಗೆ ತಿರುಗಿತು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರುವರಿ 13ರಂದು ತೀರಿಕೊಂಡರು. ಇಷ್ಟು ಪತ್ರಿಕೆಗಳಲ್ಲಿ ಬಂತು. ಹಾಡಿನಷ್ಟೇ ಗಟ್ಟಿಯಾಗಿ ಆಕೆ ಇನ್ನೆರಡು ಮಾತು ಹೇಳುತ್ತ ಬಂದಿದ್ದರು: ಸಾರಾಯಿ ನಿಲ್ಲಬೇಕು, ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕು. ಸಾರಾಯಿಯ ವಿರುದ್ಧ ಬೀದಿಗಿಳಿದು ಹೆಂಗಸರನ್ನು ಕಟ್ಟಿದ್ದೂ ಹೌದು. ಆಕೆಯನ್ನು 'ಜಾನಪದ ಕೋಗಿಲೆ' ಅಂದವರಿಗೆ ಈ ಮಾತುಗಳು ಕೇಳಿಸಿದವೋ ಇಲ್ಲವೋ. ಕೋಗಿಲೆ ಅನ್ನುವುದರಲ್ಲಿ ಒಂದು ಸೌಕರ್ಯ ಉಂಟು. ಕೋಗಿಲೆ ಅರ್ಜಿ ಬರೆಯೋದಿಲ್ಲ.

ಇನ್ನು ಕಾನೂನು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಾಡು ಬರೆದವನಿಗೆ ಬದುಕಿರುವ ತನಕ, ಸತ್ತ ಮೇಲೆ ಅವನ ವಾರಸುದಾರರಿಗೆ 60 ವರ್ಷ ಹಕ್ಕು. ಬರೆದವನೇ ಇಲ್ಲದ, ನೂರು ಬಾಯಿ ದಾಟಿ ಬಂದ ಹಾಡಿಗೆ ಯಾರ ಹಕ್ಕೂ ಇಲ್ಲ. ಆದರೆ ಅದೇ ಹಾಡನ್ನು ಯಂತ್ರ ಹಿಡಿದು ಮುದ್ರಿಸಿಕೊಂಡವನಿಗೆ ಆ ಧ್ವನಿಮುದ್ರಣದ ಮೇಲೆ 60 ವರ್ಷದ ಒಡೆತನ. ಹಾಡಿದವರಿಗೂ ತಮ್ಮ ಹಾಡಿಕೆಯ ಮೇಲೆ ಹಕ್ಕುಂಟು ಅಂತ 1994ರಲ್ಲಿ ತಿದ್ದುಪಡಿ ಆಯಿತು ನಿಜ. ಗದ್ದೆಯ ಬದುವಿನಲ್ಲಿ ನಿಂತು ಹಾಡಿದವಳಿಗೆ ಆ ತಿದ್ದುಪಡಿಯನ್ನು ಓದಿ ಹೇಳುವವರು ಯಾರು?

ಕಡಲಾಚೆಯ ಒಂದು ಕಥೆ ಇಲ್ಲಿ ಹೇಳಬೇಕು, ಸ್ವಲ್ಪ ವಿವರವಾಗಿಯೇ. ದಕ್ಷಿಣ ಆಫ್ರಿಕಾದ ಜುಲು ಹಾಡುಗಾರ ಸಾಲಮನ್ ಲಿಂಡಾ 1939ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ 'ಎಂಬೂಬೆ' ಅನ್ನೋ ಹಾಡು ಮುದ್ರಿಸಿದ. ಎಂಬೂಬೆ ಅಂದರೆ ಸಿಂಹ. ಅದರ ಹಕ್ಕಿಗೆ ಅವನಿಗೆ ಸಿಕ್ಕಿದ್ದು ಹತ್ತು ಶಿಲಿಂಗ್. ಆ ತಟ್ಟೆ ಅಮೆರಿಕಕ್ಕೆ ಹೋಗಿ ಪೀಟ್ ಸೀಗರನ ಕೈ ಸೇರಿತು. ಸೀಗರ್ ಯಾರು? ಕಾರ್ಮಿಕರ ಸಭೆಗಳಲ್ಲಿ ಹಾಡಿದವನು, ಎಡಪಂಥೀಯನೆಂದು ಕಪ್ಪುಪಟ್ಟಿಗೆ ಸೇರಿದವನು, ಊರೂರು ತಿರುಗಿದ ಹಾಡುಗಾರ, ನಮ್ಮವನೇ ಅನ್ನಬಹುದಾದವನು. ಅವನ ತಂಡ ಆ ಹಾಡನ್ನು 'ವಿಮೊವೆ' ಎಂದು ಹಾಡಿ ಹೆಸರು ಮಾಡಿತು. 1961ರಲ್ಲಿ ಬೇರೊಂದು ತಂಡ ಇಂಗ್ಲಿಷ್ ಸಾಹಿತ್ಯ ಸೇರಿಸಿ ಹಾಡಿದಾಗ ಲೋಕವೆಲ್ಲ ಗುನುಗಿತು. ಮರುವರ್ಷ, 1962ರಲ್ಲಿ, ಲಿಂಡಾ ಬಡತನದಲ್ಲೇ ಸತ್ತ. ಸೀಗರ್ ತನ್ನ ಕಡೆಯಿಂದ ಒಂದು ಸಾವಿರ ಡಾಲರ್ ಕಳಿಸಿದ್ದ, ಲಿಂಡಾನಿಗೆ ಹಣ ಹೋಗಬೇಕೆಂದು ಪ್ರಕಾಶಕರಿಗೂ ಹೇಳಿದ್ದ. ಹಣ ಮಾತ್ರ ಹರಿಯಬೇಕಾದ ಕಡೆ ಹರಿಯಲಿಲ್ಲ. 1994ರಲ್ಲಿ ಡಿಸ್ನಿಯವರ ಸಿಂಹದ ಸಿನಿಮಾದಲ್ಲೂ ಆ ಹಾಡು ಬಂತು. ಕೊನೆಗೆ ಲಿಂಡಾನ ಹೆಣ್ಣುಮಕ್ಕಳ ಪರವಾಗಿ ದಾವೆ ಹೂಡಿದ ಮೇಲೆ, 2006ರಲ್ಲಿ ರಾಜಿಯಾಯಿತು. ವಕೀಲರ ಕೈಗೆ ಸಿಕ್ಕ ಆಯುಧವೆಂದರೆ ಬ್ರಿಟಿಷ್ ಸಾಮ್ರಾಜ್ಯದ 1911ರ ಹಳೆಯ ಕಾಯ್ದೆ: ಬರೆದವನು ಸತ್ತು 25 ವರ್ಷವಾದ ಮೇಲೆ ಹಕ್ಕು ಅವನ ವಾರಸುದಾರರಿಗೆ ಮರಳಬೇಕು.

ಸೀಗರ್ ಕೆಟ್ಟವನಾಗಿದ್ದರೆ ಈ ಕಥೆ ನಮಗೆ ಅಷ್ಟು ಬೇಕಾಗುತ್ತಿರಲಿಲ್ಲ. ಕೆಟ್ಟವನು ಕದ್ದ ಅಂತ ಬರೆದು ಕೈತೊಳೆದುಕೊಳ್ಳಬಹುದಿತ್ತು. ಒಳ್ಳೆಯವನ ಕೈಯಲ್ಲೂ ಸಾಲ ತೀರಲಿಲ್ಲ ಅನ್ನೋದೇ ಇಲ್ಲಿನ ಪ್ರಶ್ನೆ. ಇನ್ನೂ ಒಂದು ಮಾತು: ಲಿಂಡಾನಿಗೆ ಒಂದು ಹೆಸರಿತ್ತು, ತಟ್ಟೆಯ ಮೇಲೆ ಅಚ್ಚಾಗಿತ್ತು. ಸುಕ್ರಜ್ಜಿಯ ತಾಯಿಯ ಹೆಸರು, ಆ ತಾಯಿಗೆ ಕಲಿಸಿದವಳ ಹೆಸರು ಯಾವ ತಟ್ಟೆಯ ಮೇಲಿದೆ? ಯಾವ ಕೋರ್ಟಿಗೆ ಹೋಗೋದು?

ಇದಕ್ಕೆ ಎದುರು ಮಾತು ಬಂದೇ ಬರುತ್ತದೆ, ನಮ್ಮ ಗೆಳೆಯರಿಂದಲೇ. ಹಾಡಿಗೆ ಬೇಲಿ ಹಾಕುತ್ತೀರಾ? ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಸುರಿಯಿರಿ ಅಂತ ಧರ್ಮಸೂತ್ರ ಬರೆದವರ ಎದುರು ನಿಂತವರು, ಈಗ ನೀವೇ ಹಾಡಿಗೆ ಬೀಗ ಜಡಿಯುತ್ತೀರಾ? ಮಾತು ಸುಳ್ಳಲ್ಲ. ಹಾಡು ಬಾಯಿಂದ ಬಾಯಿಗೆ ಹೋಗದಿದ್ದರೆ ಸಾಯುತ್ತದೆ. ಹಾಲಕ್ಕಿ ಹಾಡನ್ನು ಹಾಲಕ್ಕಿಗಳೇ ಹಾಡಬೇಕು ಅಂತ ನಾವು ಹೇಳಿದರೆ, ಅದು ಜಾತಿಗೊಂದು ಕಸುಬು ಅನ್ನೋ ಹಳೆಯ ಪಾಠವೇ.

ಬೀಗ ಬೇಡ. ಆದರೆ ಈ ಜಿಲ್ಲೆಯ ಗದ್ದೆಗಳು ನಮಗೆ ಬೇರೊಂದು ಲೆಕ್ಕ ಕಲಿಸಿವೆ. ತಲೆತಲಾಂತರ ಇಲ್ಲಿ ಉತ್ತವರು ಗೇಣಿದಾರರು, ಬೆಳೆ ಧಣಿಯ ಕಣಜಕ್ಕೆ. ಆ ರೈತರನ್ನು ಸಂಘಟಿಸಿದ್ದಕ್ಕೆ ಕವಿ ದಿನಕರ ದೇಸಾಯಿಯವರನ್ನು ಬ್ರಿಟಿಷರು ಜಿಲ್ಲೆಯಿಂದಲೇ ಗಡಿಪಾರು ಮಾಡಿದ್ದರು. 1974ರ ಭೂಸುಧಾರಣೆ ಬರುವ ತನಕ, ಉತ್ತದ್ದು ಒಂದು ಕೆಲಸ ಅಂತ ಕಾಗದ ಒಪ್ಪಿರಲಿಲ್ಲ. ಹಾಡಿನಲ್ಲೂ ಹಾಗೇ. ಸಾವಿರ ಹಾಡು ನೆನಪಿಟ್ಟುಕೊಳ್ಳುವುದು ಒಂದು ದುಡಿಮೆ. ಸೊಸೆಗೆ, ಮೊಮ್ಮಗಳಿಗೆ ದಾಟಿಸುವುದು ದುಡಿಮೆ. ಆ ದುಡಿಮೆಗೆ 'ಜನಪದ' ಅಂತ ಹೆಸರಿಟ್ಟು, ಎಲ್ಲರದು ಅಂದುಬಿಟ್ಟರೆ, ಎಲ್ಲರದು ಅಂದರೆ ಮೊದಲು ಕೈಚಾಚಿದವನದು ಅಂತಲೇ ಅರ್ಥ. ಉಳುವವನೇ ಹೊಲದೊಡೆಯ ಅಂದೆವು. ಹಾಡುವವಳೇ ಹಾಡಿನೊಡತಿ ಅನ್ನಬಹುದೆ? ಪೂರ್ತಿ ಅನ್ನಲಾಗದು. ಹೊಲ ಹಂಚಿದರೆ ಚೂರಾಗುತ್ತದೆ, ಹಾಡು ಹಂಚಿದರೆ ಚೂರಾಗೋದಿಲ್ಲ. ಹಂಚಿದ ಮೇಲೆ ಬಂದ ಬೆಳೆ ಎಲ್ಲಿಗೆ ಹೋಯಿತು ಅಂತ ಕೇಳುವ ಹಕ್ಕು ಮಾತ್ರ ಅವಳಿಗೆ ಉಂಟು.

ಹೆಸರಿಲ್ಲದಿರುವುದೇ ಅನ್ಯಾಯವಲ್ಲ ಅಂತ ಹೇಳೋದಕ್ಕೆ ನಮ್ಮ ಹತ್ತಿರದ್ದೇ ಸಾಕ್ಷಿ ಇದೆ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಆ ಕವಿಯ ಹಾಡುಗಳನ್ನು ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಕವಿ ಯಾರೆಂದು ಕೇಳದೆ ಹಾಡಿದವರು ಅದೆಷ್ಟೋ ಮಂದಿ. ಯಾರಿಗೂ ಮೋಸವಾಗಲಿಲ್ಲ. ಯಾಕೆ ಅಂದರೆ ಹಾಡು ಹುಟ್ಟಿದ ಕೇರಿಗೇ ಅದರ ಬೆಳೆ ವಾಪಸ್ಸು ಬಂತು: ಧೈರ್ಯವಾಗಿ, ಕೂಲಿಯ ಜಗಳವಾಗಿ, ಕೆರೆ ಬಾವಿ ಮುಟ್ಟುವ ಹಟವಾಗಿ. ನಾಳೆ ನಮ್ಮ ಜಾಥಾದ ಹುಡುಗರು ಹಾಲಕ್ಕಿ ಮಟ್ಟಿಗೆ ಹೊಸ ಮಾತು ಕಟ್ಟಿದರೂ ಇದೇ ಅಳತೆ ಹಿಡಿಯಬೇಕು. ಓಂ ಬೀಚಿನ ಗಿಟಾರಿನವನಿಗೆ ಒಂದು, ನಮಗೊಂದು ಅಳತೆ ಇಲ್ಲ.

ಹಾಗಾದರೆ ಸಾಲ ತೀರಿಸೋದು ಹೇಗೆ ಅಂತ ಮೇಷ್ಟ್ರುಗಳು ಕೇಳ್ತಾರೆ. ಹಣ ಕೊಡಬೇಕಾದಲ್ಲಿ ಹಣ ಕೊಡಬೇಕು, ಸೀಗರನ ಹಾಗೆ ಒಮ್ಮೆ ಅಲ್ಲ, ಹಾಡು ಗಳಿಸುವಷ್ಟು ಕಾಲ. ಹಾಡಿದವಳ ಹೆಸರು, ಊರು ಹೇಳಬೇಕು. ಮುದ್ರಿಸಿದ್ದರ ಒಂದು ಪ್ರತಿ ಅವಳ ಊರಿನ ಶಾಲೆಯಲ್ಲಿ ಇರಬೇಕು. ಇವು ಸುಲಭದವು. ಕಷ್ಟದ್ದು ಇನ್ನೊಂದು: ಹಾಡಿನ ಜೊತೆಗೇ ಅವಳು ಹೇಳಿದ ಉಳಿದ ಮಾತನ್ನೂ ಹೊತ್ತು ತಿರುಗಬೇಕು. ಮಟ್ಟು ತೆಗೆದುಕೊಂಡವನು ಸಾರಾಯಿ ಅಂಗಡಿಯ ಮಾತನ್ನು ಅಲ್ಲೇ ಬಿಟ್ಟು ಹೋಗುವಂತಿಲ್ಲ. ಪರಿಶಿಷ್ಟ ಪಂಗಡದ ಬೇಡಿಕೆ ಸುಕ್ರಜ್ಜಿ ಕಣ್ಣು ಮುಚ್ಚುವ ತನಕ ಈಡೇರಲಿಲ್ಲ. ಆಕೆಯ ಹಾಡು ಕಲಿತ ಹುಡುಗಿಯರು ಬಡಗೇರಿಯ ಸುತ್ತ ಇದ್ದಾರೆ, ಅವರ ಕೈಯಲ್ಲೂ ಅದೇ ಅರ್ಜಿ ಇದೆ.